ಎಚ್ಚೆತ್ತ ಟಿ ಕೋಶದ ಪೊರೆ: ಸೆಕೆಂಡಿನಲ್ಲಿ ಆಗುವುದು, ದಿನಗಳಲ್ಲಿ ಆಗುವುದು

“ರೋಗನಿರೋಧಕ ಕೋಶ ಸಕ್ರಿಯಗೊಂಡಾಗ ಅದರ ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ.” ಈ ಮಾತನ್ನು ತರಗತಿಯಲ್ಲಿ, ಸೆಮಿನಾರಿನಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಮಾತು ಸುಳ್ಳೇನಲ್ಲ, ಆದರೆ ಅರ್ಧಂಬರ್ಧ. ಹೆಚ್ಚಿದ್ದು ಯಾವ ಹೊತ್ತಿಗೆ? ಯಾವ ಪದರದಲ್ಲಿ? ಯಾವುದರ ಲೆಕ್ಕಕ್ಕೆ? ಈ ಮೂರಕ್ಕೂ ಉತ್ತರ ಸಿಗದಿದ್ದರೆ ಪೊರೆಯ ಲಿಪಿಡ್ಡುಗಳ ಬಗ್ಗೆ ಯಾವ ಹೇಳಿಕೆಯನ್ನೂ ಒಪ್ಪಿಕೊಳ್ಳಬಾರದು ಅನ್ನುವುದೇ ಇವತ್ತಿನ ಉಪನ್ಯಾಸದ ವಾದ. ಲಿಪಿಡ್ ಅಂದರೆ ಪೊರೆಯನ್ನು ಕಟ್ಟುವ ಕೊಬ್ಬಿನ ಜಾತಿಯ ಅಣು; ಪೊರೆ ಅಂಥ ಅಣುಗಳ ಎರಡು ಪದರ. ಉದಾಹರಣೆಗೆ ಹೆಚ್ಚಾಗಿ ಟಿ ಕೋಶವನ್ನೇ, ಅಂದರೆ ಸೋಂಕನ್ನು ಗುರುತಿಸಿ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣವನ್ನೇ, ಹಿಡಿದುಕೊಳ್ಳುತ್ತೇನೆ. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಮತ್ತು ಪ್ರತಿಕಾಯ ತಯಾರಿಸುವ ಬಿ ಕೋಶಗಳು ನಡುನಡುವೆ ಬರುತ್ತವೆ.

ಮೊದಲು ಗಾತ್ರದ ಅಂದಾಜು ಇರಲಿ. ರಕ್ತದಲ್ಲಿ ಸುಮ್ಮನೆ ಸುತ್ತುತ್ತಿರುವ, ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಟಿ ಕೋಶದ ಅಡ್ಡಳತೆ ಸುಮಾರು 7 ಮೈಕ್ರಾನ್. ಅದನ್ನು ನುಣುಪಾದ ಗೋಳ ಎಂದುಕೊಂಡರೆ ಮೇಲ್ಮೈ ಸುಮಾರು 154 ಚದರ ಮೈಕ್ರಾನ್. ಒಂದು ಲಿಪಿಡ್ ಅಣು ಪೊರೆಯಲ್ಲಿ ಹಿಡಿಯುವ ಜಾಗ ಸುಮಾರು 0.65 ಚದರ ನ್ಯಾನೊಮೀಟರ್. ಎರಡು ಪದರ ಸೇರಿದರೆ ಲಿಪಿಡ್ ಅಣುಗಳು ಐವತ್ತು ಕೋಟಿಯ ಆಸುಪಾಸು. ಪ್ರೋಟೀನುಗಳಿಗೆ ಸ್ವಲ್ಪ ಜಾಗ ಕಳೆಯಬೇಕು, ಮೈಮೇಲಿನ ಸಣ್ಣ ಸಣ್ಣ ರೋಮದಂಥ ಮಡಿಕೆಗಳಿಗೆ ಸಾಕಷ್ಟು ಸೇರಿಸಬೇಕು. ಒಟ್ಟಿನಲ್ಲಿ ನಮ್ಮ ಲೆಕ್ಕ ಕೋಟಿಗಳಲ್ಲೇ ನಡೆಯುತ್ತದೆ.

ಈ ಕೋಟಿಗಳು ಸಮವಾಗಿ ಹಂಚಿಕೊಂಡಿಲ್ಲ. ಹೊರಪದರದಲ್ಲಿ ಫಾಸ್ಫಟಿಡಿಲ್‌ಕೋಲಿನ್ ಮತ್ತು ಸ್ಫಿಂಗೊಮಯಲಿನ್ ಹೆಚ್ಚು. ಒಳಪದರದಲ್ಲಿ ಫಾಸ್ಫಟಿಡಿಲ್‌ಎಥನಾಲಮೈನ್, ಫಾಸ್ಫಟಿಡಿಲ್‌ಸೆರಿನ್, ಮತ್ತು ಇನಾಸಿಟಾಲ್ ತಲೆಯ ಲಿಪಿಡ್ಡುಗಳು. ಕೋಶದ ಹೊರಪೊರೆಯ ಲಿಪಿಡ್ಡುಗಳಲ್ಲಿ ನೂರಕ್ಕೆ 30ರಿಂದ 40ರಷ್ಟು ಅಣುಗಳು ಕೊಲೆಸ್ಟರಾಲ್. ಋಣ ವಿದ್ಯುದಂಶ ಹೊತ್ತ ಲಿಪಿಡ್ಡುಗಳೆಲ್ಲ ಬಹುಪಾಲು ಒಳಮುಖಕ್ಕೇ ಇವೆ ಎಂಬುದನ್ನು ನೆನಪಿಡಿ. ಮುಂದೆ ಬರುವ ಅರ್ಧ ವಿಷಯ ಅದರ ಮೇಲೆ ನಿಂತಿದೆ.

ಮೊದಲ ನಿಮಿಷ

ಟಿ ಕೋಶದ ಗ್ರಾಹಕಕ್ಕೆ ತಕ್ಕ ಪೆಪ್ಟೈಡ್ (ರೋಗಾಣುವಿನ ಪ್ರೋಟೀನಿನ ತುಣುಕು) ಸಿಕ್ಕ ಕೂಡಲೇ ನಡೆಯುವ ದೊಡ್ಡ ಲಿಪಿಡ್ ಬದಲಾವಣೆ ಅತಿ ಸಣ್ಣ ಪ್ರಮಾಣದ ಲಿಪಿಡ್ಡಿನದು. ಇನಾಸಿಟಾಲ್ ತಲೆಗೆ ಫಾಸ್ಫೇಟ್‌ಗಳು ಸೇರಿದ ಅದರ ಹೆಸರು ಪಿಐಪಿ-2. ಹೊರಪೊರೆಯ ಫಾಸ್ಫೊಲಿಪಿಡ್ಡುಗಳಲ್ಲಿ ಇದರ ಪಾಲು ಸುಮಾರು ನೂರಕ್ಕೆ ಒಂದು, ಅಷ್ಟೆ. ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಸೇರಿ, ಝ್ಯಾಪ್-70 ಕಿಣ್ವ ಬಂದು ಕೂತು, ಲ್ಯಾಟ್ ಎಂಬ ಪ್ರೋಟೀನಿನ ಮೇಲೆ ಫಾಸ್ಫೊಲೈಪೇಸ್-ಸಿ ಗಾಮಾ-1 ಬಂದು ನಿಲ್ಲುತ್ತದೆ. ಅದು ಪಿಐಪಿ-2 ಅನ್ನು ಕತ್ತರಿಸುತ್ತದೆ. ತಲೆಭಾಗ ಐಪಿ-3 ಆಗಿ ಕೋಶದ್ರವಕ್ಕೆ ಬೀಳುತ್ತದೆ, ಕೊಬ್ಬಿನ ಬಾಲವಿರುವ ಭಾಗ ಡಯಾಸೈಲ್‌ಗ್ಲಿಸರಾಲ್ ಆಗಿ ಪೊರೆಯಲ್ಲೇ ಉಳಿಯುತ್ತದೆ.

ಐಪಿ-3 ಹೋಗಿ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಬಿಡಿಸುತ್ತದೆ. ಆ ಉಗ್ರಾಣ ಬರಿದಾದದ್ದನ್ನು ಸ್ಟಿಮ್-1 ಎಂಬ ಪ್ರೋಟೀನ್ ಗುರುತಿಸಿ ಹೊರಪೊರೆಯ ಓರಾಯ್-1 ಎಂಬ ಕಾಲುವೆಯನ್ನು ತೆರೆಸುತ್ತದೆ. ವಿಶ್ರಾಂತ ಕೋಶದ ಒಳಗಿನ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಹೊರಗೆ ರಕ್ತದಲ್ಲಿ ಮುಕ್ತ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್. ಹತ್ತು ಸಾವಿರ ಪಟ್ಟಿಗೂ ಮೀರಿದ ಈ ಇಳಿಜಾರಿನಲ್ಲಿ ಬಾಗಿಲು ತೆರೆದರೆ ಒಳಗಿನ ಮಟ್ಟ ಒಂದು ಮೈಕ್ರೊಮೋಲಾರ್ ಹತ್ತಿರಕ್ಕೆ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಇತ್ತ ಡಯಾಸೈಲ್‌ಗ್ಲಿಸರಾಲ್ ಪೊರೆಯಲ್ಲೇ ಕೂತು, ಸಂಕೇತವನ್ನು ಮುಂದೆ ಸಾಗಿಸುವ ಪ್ರೋಟೀನ್ ಕೈನೇಸ್-ಸಿ ಥೀಟಾವನ್ನೂ ರ್‍ಯಾಸ್-ಜಿಆರ್‌ಪಿ-1 ಅನ್ನೂ ಒಳಪದರಕ್ಕೆ ಸೆಳೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಗುರುತನ್ನು ಹತ್ತಿರದಿಂದ ನೋಡಬೇಕು. ಸಸ್ತನಿಗಳ ದೇಹದಲ್ಲಿ ಇನಾಸಿಟಾಲ್ ಲಿಪಿಡ್ಡುಗಳ ಬಾಲಗಳು ಹೆಚ್ಚಾಗಿ ಒಂದೇ ಜೋಡಿ: ಒಂದು 18 ಕಾರ್ಬನ್ನಿನ ಸ್ಟಿಯರಿಕ್ ಆಮ್ಲ, ಇನ್ನೊಂದು 20 ಕಾರ್ಬನ್, 4 ದ್ವಿಬಂಧಗಳ ಅರಾಕಿಡಾನಿಕ್ ಆಮ್ಲ. ಆದ್ದರಿಂದ ಪಿಐಪಿ-2 ಒಡೆದು ಬಂದ ಡಯಾಸೈಲ್‌ಗ್ಲಿಸರಾಲ್ 38:4 ಎಂಬ ಗುರುತು ಹೊತ್ತಿರುತ್ತದೆ (ಎರಡೂ ಬಾಲಗಳ ಒಟ್ಟು ಕಾರ್ಬನ್ 38, ಒಟ್ಟು ದ್ವಿಬಂಧ 4). ಅದೇ ಡಯಾಸೈಲ್‌ಗ್ಲಿಸರಾಲ್ ಫಾಸ್ಫಟಿಡಿಲ್‌ಕೋಲಿನ್ನಿನಿಂದಲೋ ಹೊಸ ತಯಾರಿಕೆಯಿಂದಲೋ ಬಂದಿದ್ದರೆ 34:1, 36:2 ಇಂಥವು ಮೇಲುಗೈ ಪಡೆಯುತ್ತವೆ. ಅಣುಗಳ ದ್ರವ್ಯರಾಶಿ ಅಳೆಯುವ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ “ಒಟ್ಟು ಡಯಾಸೈಲ್‌ಗ್ಲಿಸರಾಲ್” ಎಂದು ಒಂದೇ ಕಂಬ ಎಳೆದು ತೋರಿಸುವವರು ಈ ಸುಳಿವನ್ನು ಕೈಯಾರೆ ಎಸೆದಂತೆ. 38:4 ಏರಿದ್ದು ಮೊದಲ ನಿಮಿಷಗಳ ಸಂಕೇತ. 34:1 ಏರಿದ್ದು ಮರುದಿನದ ಬೆಳವಣಿಗೆಯ ಸಾಮಗ್ರಿ. ಎರಡನ್ನೂ ಕೂಡಿಸಿಬಿಟ್ಟರೆ ಅರ್ಥವೇ ಇಲ್ಲ.

ಪಿಐಪಿ-2ರ ಇನ್ನೊಂದು ದಾರಿ ಒಡೆಯುವುದಲ್ಲ, ಏರುವುದು. ಪಿಐ-3 ಕೈನೇಸ್ ಅದಕ್ಕೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ-3 ಮಾಡುತ್ತದೆ. ಪ್ರಮಾಣ ಪಿಐಪಿ-2ಕ್ಕಿಂತ ಎಷ್ಟೋ ಕಡಿಮೆ, ಪರಿಣಾಮ ಮಾತ್ರ ಕಡಿಮೆಯಲ್ಲ. ಇದಕ್ಕೆ ಬಿ ಕೋಶಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ. ಅಮೆರಿಕದ ಸೇನಾ ವೈದ್ಯ ಆಗ್ಡನ್ ಬ್ರೂಟನ್ 1952ರಲ್ಲಿ ಪ್ರತಿಕಾಯಗಳೇ ಇಲ್ಲದೆ ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಹುಡುಗನೊಬ್ಬನ ಕಾಯಿಲೆಯನ್ನು ವಿವರಿಸಿದರು. ಮುಂದೆ 1993ರಲ್ಲಿ ಅದಕ್ಕೆ ಕಾರಣವಾದ ಜೀನ್ ಸಿಕ್ಕಿತು, ಅದಕ್ಕೆ ಬಿಟಿಕೆ ಎಂಬ ಹೆಸರು ಬಂತು. ಈ ಕಿಣ್ವದ ಒಂದು ತುದಿಯಲ್ಲಿ ಪಿಐಪಿ-3ರ ತಲೆಯನ್ನು ಹಿಡಿಯುವ ಗೂಡಿದೆ. ಆ ಗೂಡಿನಲ್ಲಿ 28ನೆಯ ಸ್ಥಾನದ ಅರ್ಜಿನಿನ್ ಹೋಗಿ ಸಿಸ್ಟೀನ್ ಬಂದರೆ ಧನ ವಿದ್ಯುದಂಶ ಹೋಯಿತು, ಫಾಸ್ಫೇಟಿನ ಹಿಡಿತ ತಪ್ಪಿತು. ಕಿಣ್ವದ ಫಾಸ್ಫೇಟ್ ಜೋಡಿಸುವ ಭಾಗ ಸರಿಯಾಗಿಯೇ ಇದ್ದರೂ ಅದು ಪೊರೆಯ ಬಳಿ ಬಂದು ನಿಲ್ಲಲಾರದು. ಇದೇ ಸ್ಥಾನದ ಬದಲಾವಣೆ ಮನುಷ್ಯರಲ್ಲಿ ಬ್ರೂಟನ್ ಕಾಯಿಲೆಗೂ, ಪ್ರಯೋಗಾಲಯದ ಒಂದು ಇಲಿ ತಳಿಯಲ್ಲಿ ಬಿ ಕೋಶಗಳ ದೋಷಕ್ಕೂ ಕಾರಣ. ನೂರಕ್ಕೆ ಒಂದರಷ್ಟೂ ಇಲ್ಲದ ಲಿಪಿಡ್ಡಿನ ಜತೆಗಿನ ನಂಟು ಕಡಿದರೆ ಒಂದು ಜೀವನಪೂರ್ತಿಯ ರೋಗ.

ನಂಟು ಅತಿಯಾದರೂ ರೋಗವೇ. ಪಿಐ-3 ಕೈನೇಸಿನ ಡೆಲ್ಟಾ ರೂಪ ಸದಾ ಚಾಲೂ ಇರುವ ಆನುವಂಶಿಕ ಕಾಯಿಲೆಯನ್ನು 2013ರಲ್ಲಿ ಗುರುತಿಸಿದರು. ಆ ಮಕ್ಕಳಲ್ಲಿ ದುಗ್ಧಗ್ರಂಥಿಗಳು ಊದಿಕೊಳ್ಳುತ್ತವೆ, ಟಿ ಕೋಶಗಳು ಬೇಗ ಮುದಿಯಾಗುತ್ತವೆ, ಉಸಿರಾಟದ ಸೋಂಕುಗಳು ಮರುಕಳಿಸುತ್ತವೆ. ಈ ಕಿಣ್ವವನ್ನು ತಡೆಯುವ ಲೆನಿಯೊಲಿಸಿಬ್ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಈ ಲಿಪಿಡ್ಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಪಿಐಪಿ-2 ತೋರಿಸಲು ಸಾಮಾನ್ಯವಾಗಿ ಫಾಸ್ಫೊಲೈಪೇಸ್-ಸಿ ಡೆಲ್ಟಾ-1ರ ಪಿಎಚ್ ಭಾಗಕ್ಕೆ (ಲಿಪಿಡ್ಡಿನ ತಲೆಯನ್ನು ಹಿಡಿಯುವ ಗೂಡಿಗೆ) ಹಸಿರಾಗಿ ಹೊಳೆಯುವ ಪ್ರೋಟೀನ್ ಅಂಟಿಸಿ ಬಳಸುತ್ತಾರೆ. ಅದು ಪೊರೆ ಬಿಟ್ಟು ಕೋಶದ್ರವಕ್ಕೆ ಹೋದರೆ “ಪಿಐಪಿ-2 ಮುಗಿಯಿತು” ಎಂದು ಬರೆಯುತ್ತಾರೆ. ಆದರೆ ಅದೇ ಭಾಗ ಐಪಿ-3ಕ್ಕೂ ಚೆನ್ನಾಗಿ ಅಂಟುತ್ತದೆ. ಪೊರೆಯಲ್ಲಿ ಪಿಐಪಿ-2 ಸಾಕಷ್ಟಿದ್ದರೂ ಐಪಿ-3 ಹುಟ್ಟಿದ ಕಾರಣಕ್ಕೇ ಅದು ಇಳಿದುಹೋಗಿರಬಹುದು. ಇನ್ನೊಂದು ತೊಂದರೆ, ಸಂವೇದಕವನ್ನು ಅತಿಯಾಗಿ ತಯಾರಿಸಿದರೆ ಅದೇ ಲಿಪಿಡ್ಡಿನ ತಲೆಗಳನ್ನೆಲ್ಲ ಮುಚ್ಚಿ ಕುಳಿತು ನಿಜವಾದ ಪ್ರೋಟೀನುಗಳಿಗೆ ಜಾಗ ಬಿಡುವುದಿಲ್ಲ. ಮಂದ ಬೆಳಕಿನ ಕೋಶಗಳನ್ನೇ ಆರಿಸಿ ಚಿತ್ರ ತೆಗೆಯುವುದು ಒಳ್ಳೆಯ ಅಭ್ಯಾಸ. ಹೊಳೆಯುವ ಕೋಶ ಕಣ್ಣಿಗೆ ಚೆಂದ, ಮಾಹಿತಿಗೆ ಕೆಟ್ಟದ್ದು.

ಒಳಪದರದ ಅಂಟು

ಋಣ ವಿದ್ಯುದಂಶದ ಮಾತಿಗೆ ಬರೋಣ. ಟಿ ಕೋಶ ಗ್ರಾಹಕದ ಜತೆಗಾರ ಸಿಡಿ-3 ಎಪ್ಸಿಲಾನ್‌ನ ಒಳಬಾಲದಲ್ಲಿ ಧನ ವಿದ್ಯುದಂಶದ ಅಮೈನೊ ಆಮ್ಲಗಳ ಸಾಲಿದೆ. ಬೋಸ್ಟನ್ನಿನ ಕಾಯ್ ವುಖರ್‌ಫೆನಿಗ್ ಅವರ ತಂಡ 2008ರಲ್ಲಿ ತೋರಿಸಿದಂತೆ, ವಿಶ್ರಾಂತ ಸ್ಥಿತಿಯಲ್ಲಿ ಈ ಬಾಲ ಫಾಸ್ಫಟಿಡಿಲ್‌ಸೆರಿನ್ ತುಂಬಿದ ಒಳಪದರಕ್ಕೆ ಅಂಟಿಕೊಂಡಿರುತ್ತದೆ, ಮುಖ್ಯವಾದ ಟೈರೊಸಿನ್‌ಗಳು ಪೊರೆಯೊಳಕ್ಕೇ ಹುದುಗಿರುತ್ತವೆ. ಆ ಟೈರೊಸಿನ್‌ಗಳಿಗೆ ಫಾಸ್ಫೇಟ್ ಸೇರಿಸಿ ಸಂಕೇತ ಹೊರಡಿಸಬೇಕಾದ ಎಲ್‌ಸಿಕೆ ಕಿಣ್ವಕ್ಕೆ ಅವು ಸಿಗುವುದೇ ಇಲ್ಲ. ಅದೇ ಕೆಲಸದಲ್ಲಿದ್ದ ಚೆನ್‌ಚಿ ಶೂ ಮುಂದೆ ಶಾಂಘೈನಲ್ಲಿ ತಮ್ಮ ತಂಡದೊಂದಿಗೆ 2013ರಲ್ಲಿ ಇನ್ನೊಂದು ತುಂಡು ಸೇರಿಸಿದರು: ಒಳನುಗ್ಗಿದ ಕ್ಯಾಲ್ಸಿಯಂ ಆ ಲಿಪಿಡ್ಡುಗಳ ಫಾಸ್ಫೇಟಿಗೆ ನೇರವಾಗಿ ಅಂಟಿ ಋಣ ವಿದ್ಯುದಂಶವನ್ನು ಮರೆಮಾಡುತ್ತದೆ, ಬಾಲ ಸಡಿಲವಾಗುತ್ತದೆ, ಇನ್ನಷ್ಟು ಟೈರೊಸಿನ್‌ಗಳು ಹೊರಬರುತ್ತವೆ. ಅಂದರೆ ಮೊದಲ ಸಂಕೇತದಿಂದ ಹುಟ್ಟಿದ ಕ್ಯಾಲ್ಸಿಯಂ ಮರಳಿ ಬಂದು ಸಂಕೇತವನ್ನೇ ಬಲಪಡಿಸುತ್ತದೆ. ಇಲ್ಲಿ ಯಾವ ಲಿಪಿಡ್ಡಿನ ಪ್ರಮಾಣವೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಕೋಶವನ್ನು ಕರಗಿಸಿ ಫಾಸ್ಫಟಿಡಿಲ್‌ಸೆರಿನ್ ತೂಗಿದರೆ ಮೊದಲೂ ಅಷ್ಟೇ, ಆಮೇಲೂ ಅಷ್ಟೇ.

ಇದೇ ಕ್ಯಾಲ್ಸಿಯಂ ಮಾಡುವ ಇನ್ನೊಂದು ಕೆಲಸ ಪದರಗಳನ್ನು ಕಲಸುವುದು. ಸಾಮಾನ್ಯವಾಗಿ ಫಾಸ್ಫಟಿಡಿಲ್‌ಸೆರಿನ್ ಹೊರಪದರಕ್ಕೆ ಜಾರಿದರೆ ಎಟಿಪಿ-11ಸಿ ಎಂಬ ಪಂಪು ಶಕ್ತಿ ಖರ್ಚುಮಾಡಿ ಅದನ್ನು ಒಳಗೆ ಎಳೆಯುತ್ತದೆ. ಕ್ಯಾಲ್ಸಿಯಂ ಏರಿದಾಗ ಟಿಎಂಇಎಂ-16ಎಫ್ ಎಂಬ ಪ್ರೋಟೀನ್ ತೆರೆದುಕೊಂಡು ಲಿಪಿಡ್ಡುಗಳನ್ನು ಎರಡೂ ದಿಕ್ಕಿಗೆ ಓಡಾಡಲು ಬಿಡುತ್ತದೆ. ಈ ಪ್ರೋಟೀನನ್ನು ಕ್ಯೋಟೋದಲ್ಲಿದ್ದ ಶಿಗೆಕಾಜು ನಗಾಟಾ ಅವರ ತಂಡ 2010ರಲ್ಲಿ ಗುರುತಿಸಿತು. ಇದು ಕೆಟ್ಟರೆ ಪ್ಲೇಟ್‌ಲೆಟ್‌ಗಳ ಮೈಮೇಲೆ ಫಾಸ್ಫಟಿಡಿಲ್‌ಸೆರಿನ್ ಬರುವುದಿಲ್ಲ, ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದೇ ಸ್ಕಾಟ್ ಸಿಂಡ್ರೋಮ್.

ಪ್ರಯೋಗ ಮಾಡುವವರು ಜಾರಿಬೀಳುವ ಜಾಗ ಇದು. ಸಾಯುತ್ತಿರುವ ಕೋಶಗಳನ್ನು ಗುರುತಿಸಲು ನಾವೆಲ್ಲ ಅನೆಕ್ಸಿನ್-ವಿ ಎಂಬ ಪ್ರೋಟೀನ್ ಬಳಸುತ್ತೇವೆ. ಅದು ಹೊರಗೆ ಬಂದ ಫಾಸ್ಫಟಿಡಿಲ್‌ಸೆರಿನ್‌ಗೆ ಅಂಟುತ್ತದೆ. ಆದರೆ ಸಕ್ರಿಯಗೊಂಡ, ಚೆನ್ನಾಗಿ ಬದುಕಿರುವ ಟಿ ಕೋಶವೂ ಕೆಲ ಹೊತ್ತು ಫಾಸ್ಫಟಿಡಿಲ್‌ಸೆರಿನ್ ಹೊರಗೆ ತೋರಿಸುತ್ತದೆ, ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಅನೆಕ್ಸಿನ್ ಒಂದನ್ನೇ ನೋಡಿ “ಸಕ್ರಿಯಗೊಳಿಸಿದ್ದರಿಂದ ಇಷ್ಟು ಕೋಶ ಸತ್ತವು” ಎಂದು ಬರೆದರೆ ತಪ್ಪು. ಡಿಎನ್ಎಗೆ ಅಂಟುವ, ಗಟ್ಟಿ ಪೊರೆ ದಾಟದ ಬಣ್ಣ ಒಂದು ಬೇಕು, ಕೋಶದ ಸಾವನ್ನು ನಡೆಸುವ ಕ್ಯಾಸ್ಪೇಸ್-3 ಕಿಣ್ವದ ಅಳತೆ ಇನ್ನೊಂದು ಬೇಕು, ಕೆಲವು ಗಂಟೆ ಬಿಟ್ಟು ಅದೇ ಕೋಶಗಳನ್ನು ಮತ್ತೆ ನೋಡಬೇಕು. ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ: ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕೇ ಬೇಕು. ಅದರ ಬಫರಿನಲ್ಲಿ 10 ಮಿಲಿಮೋಲಾರ್ ಹೆಪಿಸ್, 140 ಮಿಲಿಮೋಲಾರ್ ಉಪ್ಪು, 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಬಣ್ಣ ಹಾಕಿದ ಮೇಲೆ ಅಭ್ಯಾಸಬಲದಿಂದ, ಕ್ಯಾಲ್ಸಿಯಂ ಹಿಡಿದು ತೆಗೆಯುವ ಇಡಿಟಿಎ ಇರುವ ಬಫರಿನಲ್ಲಿ ತೊಳೆದರೆ ಅನೆಕ್ಸಿನ್ ಪೂರ್ತಿ ಕಳಚಿಹೋಗುತ್ತದೆ, ಎಲ್ಲ ಕೋಶಗಳೂ ಆರೋಗ್ಯವಾಗಿ ಕಾಣುತ್ತವೆ.

ಬಿಗಿ ಮತ್ತು ಸಡಿಲ

ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಪಕ್ಕದ ಸೂರ್ಯಕಾಂತಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಪರ್ಯಾಪ್ತ, ಅಂದರೆ ದ್ವಿಬಂಧವಿಲ್ಲದ ಬಾಲಗಳು ಒತ್ತೊತ್ತಾಗಿ ಕೂರುತ್ತವೆ, ದ್ವಿಬಂಧವಿರುವ ಬಾಲಗಳು ಆ ಬಂಧದ ಜಾಗದಲ್ಲಿ ಬಾಗಿದ್ದರಿಂದ ಒತ್ತಿ ಕೂರಲಾರವು. ಪೊರೆಯಲ್ಲೂ ಹೀಗೇ, ಆದರೆ ಅಲ್ಲಿ ಮೂರನೆಯದಾಗಿ ಕೊಲೆಸ್ಟರಾಲ್ ಇದೆ. ಅದು ಪರ್ಯಾಪ್ತ ಬಾಲಗಳ, ಮುಖ್ಯವಾಗಿ ಸ್ಫಿಂಗೊಮಯಲಿನ್‌ನ ಪಕ್ಕ ಸೇರಿ ಬಿಗಿಯಾದ, ಆದರೂ ಹರಿಯಬಲ್ಲ ತೇಪೆ ಮಾಡಬಲ್ಲದು. 1997ರಲ್ಲಿ ಕಾಯ್ ಸೈಮನ್ಸ್ ಮತ್ತು ಎಲಿನಾ ಇಕೊನೆನ್ ಇಂಥ ತೇಪೆಗಳನ್ನು ‘ಲಿಪಿಡ್ ರಾಫ್ಟ್’ ಎಂದು ಮುಂದಿಟ್ಟಾಗ ಟಿ ಕೋಶದವರು ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡರು. ಹತ್ತು ವರ್ಷದೊಳಗೆ ಅದಕ್ಕೆ ಬಂದ ಟೀಕೆಯೂ ಅಷ್ಟೇ ಜೋರು.

ಟೀಕೆಗೆ ಕಾರಣ ವಿಧಾನಗಳು. ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ 4 ಡಿಗ್ರಿಯಲ್ಲಿ ಕರಗದೆ ಉಳಿದದ್ದನ್ನು ರಾಫ್ಟ್ ಎಂದರು. ಚಳಿಗೆ ಪೊರೆಯೇ ಬೇರೆ ರೀತಿ ವರ್ತಿಸುತ್ತದೆ. ಟಿ ಕೋಶವನ್ನು ಬರೇ ತಣ್ಣಗಾಗಿಸಿದರೂ ಆ ತೇಪೆಗಳು ಕೂಡಿಕೊಂಡು ಸಂಕೇತ ಹೊರಡುತ್ತದೆ ಎಂದು ಆಮೇಲೆ ತಿಳಿಯಿತು. ಮೀಥೈಲ್ ಬೀಟಾ ಸೈಕ್ಲೊಡೆಕ್ಸ್‌ಟ್ರಿನ್ 10 ಮಿಲಿಮೋಲಾರ್ ಹಾಕಿ ಕೊಲೆಸ್ಟರಾಲ್ ಹೀರಿದರು. ಆ ಪ್ರಮಾಣಕ್ಕೆ ಕೋಶದ ಕ್ಯಾಲ್ಸಿಯಂ ಉಗ್ರಾಣವೂ ಬರಿದಾಗುತ್ತದೆ, ಪೊರೆಯ ವಿದ್ಯುತ್ ಅಂತರವೂ ಕುಸಿಯುತ್ತದೆ. ಸಂಕೇತ ನಿಂತದ್ದು ರಾಫ್ಟ್ ಹೋದದ್ದರಿಂದಲೋ ಕೋಶ ಜರ್ಜರಿತವಾದದ್ದರಿಂದಲೋ ಹೇಳುವುದು ಹೇಗೆ? ರಾಫ್ಟಿನ ಗುರುತೆಂದು ತಿಳಿದಿದ್ದ ಜಿಎಂ-1 ಲಿಪಿಡ್ಡನ್ನು ತೋರಿಸಲು ಕಾಲರಾ ವಿಷದ ಬಿ ಭಾಗ ಬಳಸಿದರು. ಅದಕ್ಕೆ ಐದು ಕೈಗಳಿವೆ, ಐದು ಜಿಎಂ-1 ಹಿಡಿದು ತಾನೇ ಗುಂಪು ಕಟ್ಟುತ್ತದೆ. ಗುಂಪನ್ನು ಹುಡುಕಲು ಹೋದ ಸಾಧನವೇ ಗುಂಪು ತಯಾರಿಸಿತು. ಸಾಲದ್ದಕ್ಕೆ, ಹೊಸ ಟಿ ಕೋಶದಲ್ಲಿ ಜಿಎಂ-1 ಕಡಿಮೆ, ಸಕ್ರಿಯಗೊಂಡ ಕೆಲವು ದಿನಗಳಲ್ಲಿ ಹೆಚ್ಚು. ಹೊಳಪು ಹೆಚ್ಚಿದ್ದು ರಾಫ್ಟ್ ಬೆಳೆದದ್ದಕ್ಕೆ ಸಾಕ್ಷಿಯಲ್ಲ.

ಇಷ್ಟೆಲ್ಲ ಆದಮೇಲೂ ಉಳಿದು ನಿಂತ ಸಂಗತಿ ಇದೆ. ಲಾರ್ಡಾನ್ ಎಂಬ ಬಣ್ಣ ಪೊರೆ ಬಿಗಿಯಾಗಿದ್ದರೆ 440 ನ್ಯಾನೊಮೀಟರ್ ಸುತ್ತ, ಸಡಿಲವಾಗಿ ನೀರು ನುಸುಳಿದ್ದರೆ 490ರ ಸುತ್ತ ಬೆಳಗುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಮೈನಸ್ ಒಂದರಿಂದ ಪ್ಲಸ್ ಒಂದರವರೆಗಿನ ಸೂಚ್ಯಂಕ ಸಿಗುತ್ತದೆ. ಟಿ ಕೋಶ ಎದುರಿನ ಕೋಶವನ್ನು ಮುಟ್ಟಿದ ಜಾಗದಲ್ಲಿ ಈ ಸೂಚ್ಯಂಕ ಉಳಿದ ಪೊರೆಗಿಂತ ಮೇಲಿರುತ್ತದೆ. ಬದುಕಿರುವ ಕೋಶದಲ್ಲಿ, 37 ಡಿಗ್ರಿಯಲ್ಲಿ, ಡಿಟರ್ಜೆಂಟ್ ಇಲ್ಲದೆ ಸಿಕ್ಕ ಅಳತೆ ಇದು. ಆದ್ದರಿಂದ ನಂಬಬಹುದು.

ತೇಪೆಗಳು ತಾವಾಗಿ ಕೂಡುತ್ತವೆಯೋ, ಯಾರಾದರೂ ಕೂಡಿಸುತ್ತಾರೋ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಬೆಂಗಳೂರಿನಿಂದಲೇ ಬಂದಿದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸತ್ಯಜಿತ್ ಮೇಯರ್ ಅವರ ತಂಡ 2015ರಲ್ಲಿ ತೋರಿಸಿದ್ದು ಹೀಗೆ: ಹೊರಪದರದಲ್ಲಿ ಲಿಪಿಡ್ ಕೊಕ್ಕೆಯಿಂದ ತೂಗುವ ಪ್ರೋಟೀನುಗಳು ಗುಂಪಾಗಲು ಒಳಪದರದಲ್ಲಿ ಉದ್ದನೆಯ, ಪರ್ಯಾಪ್ತ ಬಾಲವಿರುವ ಫಾಸ್ಫಟಿಡಿಲ್‌ಸೆರಿನ್ ಬೇಕು. ಹೊರಗಿನ ಉದ್ದ ಬಾಲ, ಒಳಗಿನ ಉದ್ದ ಬಾಲ ಪೊರೆಯ ನಡುವೆ ಒಂದಕ್ಕೊಂದು ತಾಗುತ್ತವೆ, ಕೊಲೆಸ್ಟರಾಲ್ ಆ ಹಿಡಿತ ಬಲಪಡಿಸುತ್ತದೆ, ಕೋಶಕ್ಕೆ ಆಕಾರ ಕೊಡುವ ಒಳಗಿನ ಆ್ಯಕ್ಟಿನ್ ಎಳೆಗಳು ಫಾಸ್ಫಟಿಡಿಲ್‌ಸೆರಿನ್ ಅನ್ನು ಹಿಡಿದು ಜಮಾಯಿಸುತ್ತವೆ. ಆ ಪ್ರಯೋಗಗಳು ಟಿ ಕೋಶದ ಮೇಲೆ ನಡೆದವಲ್ಲ, ಆದರೆ ಟಿ ಕೋಶ ಸಕ್ರಿಯಗೊಂಡಾಗ ಮೊದಲು ಮಗ್ಗುಲು ಬದಲಿಸುವುದೇ ಆ್ಯಕ್ಟಿನ್. ನನ್ನ ಮಟ್ಟಿಗೆ, ಲಿಪಿಡ್ ತೇಪೆಯ ಚರ್ಚೆಯನ್ನು ಆ್ಯಕ್ಟಿನ್ ಬಿಟ್ಟು ಮಾಡುವುದು ವ್ಯರ್ಥ.

ಮರುದಿನ

ಮೊದಲ ನಿಮಿಷಗಳದ್ದು ಜಾಗ ಬದಲಾವಣೆ. ಎರಡನೆಯ ದಿನದ್ದು ಸಾಮಗ್ರಿಯ ಪ್ರಶ್ನೆ. 7 ಮೈಕ್ರಾನಿನ ಕೋಶ 24 ಗಂಟೆ ಕಳೆಯುವ ಹೊತ್ತಿಗೆ ಊದಿಕೊಂಡು, ವಿಭಜನೆಗೆ ಮುನ್ನ ಸುಮಾರು 12 ಮೈಕ್ರಾನ್ ಆಯಿತು ಎಂದುಕೊಳ್ಳಿ. ಮೇಲ್ಮೈ ಸುಮಾರು ಮೂರು ಪಟ್ಟು, ಗಾತ್ರ ಸುಮಾರು ಐದು ಪಟ್ಟು. ಹಳೆಯ ಮಡಿಕೆಗಳು ಬಿಚ್ಚಿಕೊಂಡು ಸ್ವಲ್ಪ ಪೊರೆ ಸಿಕ್ಕೀತು. ಮೈಟೊಕಾಂಡ್ರಿಯಾ, ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಬೆಳೆಯಲು ಮಾತ್ರ ಹೊಸ ಲಿಪಿಡ್ ಬೇಕೇ ಬೇಕು. ಆಮೇಲೆ ದಿನಕ್ಕೆ ಎರಡು-ಮೂರು ಸಲ ಇಬ್ಭಾಗವಾಗಬೇಕು.

ಕೋಶ ಇದಕ್ಕೆ ಎಸ್‌ಆರ್‌ಇಬಿಪಿ ಎಂಬ ನಿಯಂತ್ರಕಗಳನ್ನು ಎಬ್ಬಿಸುತ್ತದೆ. ಇವು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲ ತಯಾರಿಸುವ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಇವು ಕೆಲಸ ಮಾಡದ ಇಲಿಗಳ ಸಿಡಿ-8 ಟಿ ಕೋಶಗಳು (ಸೋಂಕಿತ ಕೋಶಗಳನ್ನು ಕೊಲ್ಲುವ ಬಗೆ) ಗ್ರಾಹಕದ ಸಂಕೇತವನ್ನು ಕೇಳಿಸಿಕೊಳ್ಳುತ್ತವೆ, ಬೆಳೆಯಲಾರವು. ಹೊರಗಿನಿಂದ ಕೊಲೆಸ್ಟರಾಲ್ ಕೊಟ್ಟರೆ ಬೆಳವಣಿಗೆ ಮರಳುತ್ತದೆ ಎಂದು 2013ರಲ್ಲಿ ಪ್ರಕಟವಾಯಿತು. ಜತೆಗೇ ಕೋಶ ಹೊರಹರಿವಿನ ಬಾಗಿಲನ್ನೂ ಮುಚ್ಚುತ್ತದೆ: ಎಸ್‌ಯುಎಲ್‌ಟಿ-2ಬಿ1 ಕಿಣ್ವ ಆಕ್ಸಿಸ್ಟೆರಾಲುಗಳಿಗೆ (ಆಕ್ಸಿಜನ್ ಸೇರಿದ ಕೊಲೆಸ್ಟರಾಲ್ ರೂಪಗಳಿಗೆ) ಸಲ್ಫೇಟ್ ಹಚ್ಚಿ ನಿಷ್ಕ್ರಿಯಗೊಳಿಸುತ್ತದೆ, ಎಲ್‌ಎಕ್ಸ್‌ಆರ್ ಎಂಬ, ಅವುಗಳಿಂದ ಎಚ್ಚರಗೊಳ್ಳುವ ಗ್ರಾಹಕ ಸುಮ್ಮನಾಗುತ್ತದೆ, ಕೊಲೆಸ್ಟರಾಲನ್ನು ಹೊರಹಾಕುವ ಎಬಿಸಿಜಿ-1 ಕಡಿಮೆಯಾಗುತ್ತದೆ. ಹೀಗೆ ಬಂದ ಕೊಲೆಸ್ಟರಾಲನ್ನು ಎಸ್ಟರ್ ಮಾಡಿ ಕೊಬ್ಬಿನ ಹನಿಗಳಲ್ಲಿ ಕೂಡಿಡುವ ಎಸಿಎಟಿ-1 ಕಿಣ್ವವನ್ನು ತಡೆದರೆ ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿ, ಸಿಡಿ-8 ಕೋಶಗಳ ಗ್ರಾಹಕಗಳು ಹೆಚ್ಚು ಗುಂಪಾಗಿ, ಇಲಿಗಳಲ್ಲಿ ಮೆಲನೋಮ ಗಡ್ಡೆಯ ವಿರುದ್ಧ ಚೆನ್ನಾಗಿ ಹೋರಾಡಿದವು ಎಂದು ಶಾಂಘೈ ತಂಡ 2016ರಲ್ಲಿ ತೋರಿಸಿತು. ಬಳಸಿದ್ದು ಅವಾಸಿಮೈಬ್, ಹಿಂದೆ ಹೃದಯ ರಕ್ತನಾಳದ ಕಾಯಿಲೆಗೆಂದು ಮನುಷ್ಯರಲ್ಲಿ ಪರೀಕ್ಷಿಸಿದ್ದ ಔಷಧಿ.

ಹೊಸ ಪೊರೆಗೆ ಅಪಾಯವೂ ಹೊಸದು. ಬೇಗ ಬೆಳೆಯುವ ಕೋಶ ಆಕ್ಸಿಜನ್‌ನ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ, ಹಲವು ದ್ವಿಬಂಧಗಳ ಬಾಲಗಳು ಅವಕ್ಕೆ ಸುಲಭದ ತುತ್ತು. ಜಿಪಿಎಕ್ಸ್-4 ಎಂಬ ಕಿಣ್ವ ಆ ಕೆಟ್ಟ ಲಿಪಿಡ್ಡುಗಳನ್ನು ಸರಿಪಡಿಸುತ್ತದೆ. ಅದಿಲ್ಲದ ಟಿ ಕೋಶಗಳು ಸೋಂಕಿನ ಹೊತ್ತಿಗೆ ಸಂಖ್ಯೆ ಹೆಚ್ಚಿಸಿಕೊಳ್ಳಲಾರದೆ ಸಾಯುತ್ತವೆ. ಇಲಿಗಳ ಆಹಾರದಲ್ಲಿ ಇ ವಿಟಮಿನ್ ಹೆಚ್ಚು ಕೊಟ್ಟರೆ ಉಳಿಯುತ್ತವೆ.

ಬಿ ಕೋಶದ್ದು ಇನ್ನೊಂದು ಬಗೆ. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶವಾಗುವಾಗ ಅದಕ್ಕೆ ಬೇಕಾದದ್ದು ಹೊರಪೊರೆಯಲ್ಲ, ರೆಟಿಕ್ಯುಲಮ್. ಹಾಗಾಗಿ ಏರುವುದು ಫಾಸ್ಫಟಿಡಿಲ್‌ಕೋಲಿನ್. ಮ್ಯಾಕ್ರೊಫೇಜಿನದು ಮತ್ತೊಂದು. ಬ್ಯಾಕ್ಟೀರಿಯವನ್ನು ನುಂಗುವಾಗ ಬಾಯಿಯ ಜಾಗದಲ್ಲಿ ಪಿಐಪಿ-2 ಒಮ್ಮೆ ಏರಿ, ಬಾಯಿ ಮುಚ್ಚುತ್ತಿದ್ದಂತೆ ಮಾಯವಾಗಬೇಕು. ಮಾಯವಾಗದಿದ್ದರೆ ಅಲ್ಲಿನ ಆ್ಯಕ್ಟಿನ್ ಬಿಚ್ಚಿಕೊಳ್ಳದೆ ನುಂಗುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇಂಟರ್‌ಫೆರಾನ್ ಸಿಕ್ಕ ಮ್ಯಾಕ್ರೊಫೇಜ್ 25-ಹೈಡ್ರಾಕ್ಸಿ ಕೊಲೆಸ್ಟರಾಲ್ ತಯಾರಿಸಿ ಹೊರಪೊರೆಯಲ್ಲಿ ಕೈಗೆ ಸಿಗುವ, ಅಂದರೆ ಸ್ಫಿಂಗೊಮಯಲಿನ್ ಬಚ್ಚಿಡದ ಕೊಲೆಸ್ಟರಾಲನ್ನು ಒಳಗೆ ಸಾಗಿಸುತ್ತದೆ. ಪೊರೆಗೆ ತೂತು ಕೊರೆಯುವ ಸ್ಟ್ರೆಪ್ಟೊಲೈಸಿನ್‌ನಂಥ ವಿಷಕ್ಕೆ ಹಿಡಿತ ಸಿಗುವುದಿಲ್ಲ. ಒಟ್ಟು ಕೊಲೆಸ್ಟರಾಲ್ ತೂಗಿದರೆ ವ್ಯತ್ಯಾಸ ಅಲ್ಪ, ರಕ್ಷಣೆ ಮಾತ್ರ ದೊಡ್ಡದು. ಮೊದಲು ಹೇಳಿದ ಟಿ ಕೋಶದ ವಾಕ್ಯವನ್ನು ಇದರ ಪಕ್ಕ ಇಟ್ಟು ನೋಡಿ. ಒಂದು ಕೋಶ ಸಕ್ರಿಯಗೊಂಡಾಗ ಕೊಲೆಸ್ಟರಾಲ್ ಕೂಡಿಸುತ್ತದೆ, ಇನ್ನೊಂದು ಬಚ್ಚಿಡುತ್ತದೆ.

ಅಳೆಯುವ ಕೆಲಸ

ಅಳತೆಯಲ್ಲಿ ಹೆಚ್ಚು ತಪ್ಪು ಆಗುವುದು ಯಂತ್ರದಲ್ಲಲ್ಲ, ಯಂತ್ರಕ್ಕೆ ಮುಂಚೆ. ರಕ್ತಕ್ಕೆ ಸಮಪಾಲು ಬಫರ್ ಬೆರೆಸಿ, 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ನಿಧಾನವಾಗಿ ಹರಿಸಿ, 400 ಜಿ ವೇಗದಲ್ಲಿ 30 ನಿಮಿಷ, ಬ್ರೇಕ್ ಇಲ್ಲದೆ ತಿರುಗಿಸಿದರೆ ನಡುವೆ ಬಿಳಿ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಪ್ಲೇಟ್‌ಲೆಟ್‌ಗಳು ದಂಡಿಯಾಗಿರುತ್ತವೆ. ಅವುಗಳ ಪೊರೆಯಲ್ಲಿ ಅರಾಕಿಡಾನಿಕ್ ಆಮ್ಲ ಸಮೃದ್ಧ. ನೀವು ಟಿ ಕೋಶದ್ದೆಂದು ತಿಳಿದ 38:4 ಪ್ಲೇಟ್‌ಲೆಟ್‌ನದಾಗಿರಬಹುದು. 200 ಜಿ ವೇಗದಲ್ಲಿ 10 ನಿಮಿಷ, ಎರಡು ಸಲ ತೊಳೆದು ಮೇಲಿನ ದ್ರವ ಚೆಲ್ಲಿದರೆ ಬಹುಪಾಲು ಹೋಗುತ್ತವೆ. ಟಿ ಕೋಶಗಳನ್ನು ಆರಿಸುವಾಗ ಬೇಡದ್ದನ್ನು ಹಿಡಿದು ತೆಗೆಯುವ ವಿಧಾನವೇ ಸರಿ. ಸಿಡಿ-3 ಹಿಡಿದು ಆರಿಸಿದರೆ ಆರಿಸುವಾಗಲೇ ಕೋಶ ಎಚ್ಚರಗೊಂಡಿರುತ್ತದೆ.

ಪ್ರಚೋದನೆಯನ್ನು ಹೇಗೆ ನಿಲ್ಲಿಸಬೇಕು ಅನ್ನುವುದು ಯಾವ ಲಿಪಿಡ್ ಬೇಕು ಎಂಬುದರ ಮೇಲೆ ನಿಂತಿದೆ. ಪಿಐಪಿ-2 ಬೇಕಾದರೆ ತಣ್ಣನೆಯ 0.5 ಮೋಲಾರ್ ಟ್ರೈಕ್ಲೊರೊಅಸೆಟಿಕ್ ಆಮ್ಲ ಹಾಕಿ ತಕ್ಷಣ ನಿಲ್ಲಿಸಿ. ತಿರುಗಿಸಿದಾಗ ತಳದಲ್ಲಿ ಕೂತ ಉಂಡೆಯನ್ನು ಒಂದು ಮಿಲಿಮೋಲಾರ್ ಇಡಿಟಿಎ ಇರುವ ಶೇ. 5ರ ಅದೇ ಆಮ್ಲದಲ್ಲಿ ತೊಳೆಯಿರಿ. ಮೊದಲು ಮೆಥನಾಲ್-ಕ್ಲೋರೊಫಾರಂ ಎರಡಕ್ಕೊಂದು ಪಾಲಿನಲ್ಲಿ ತಟಸ್ಥ ಲಿಪಿಡ್ಡುಗಳನ್ನು ತೆಗೆಯಿರಿ, ಆಮೇಲೆ ಮೆಥನಾಲ್-ಕ್ಲೋರೊಫಾರಂ-ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲ 80:40:1 ಪಾಲಿನಲ್ಲಿ ಆಮ್ಲೀಯ ಲಿಪಿಡ್ಡುಗಳನ್ನು. ಆಮ್ಲವಿಲ್ಲದೆ ತೆಗೆದರೆ ಪಿಐಪಿ-2 ಪ್ರೋಟೀನಿಗೆ ಅಂಟಿಕೊಂಡು ಉಂಡೆಯಲ್ಲೇ ಉಳಿಯುತ್ತದೆ. ಉಳಿದ ಲಿಪಿಡ್ಡುಗಳಿಗೆ ಇಷ್ಟು ಕಷ್ಟವಿಲ್ಲ. 40 ಮೈಕ್ರೊಲೀಟರ್ ಮಾದರಿಗೆ 300 ಮೈಕ್ರೊಲೀಟರ್ ಮೆಥನಾಲ್, ಒಂದು ಮಿಲಿಲೀಟರ್ ಮೀಥೈಲ್ ಟರ್ಷರಿ ಬ್ಯುಟೈಲ್ ಈಥರ್, ಒಂದು ಗಂಟೆ ಅಲುಗಾಟ, ಮತ್ತೆ 250 ಮೈಕ್ರೊಲೀಟರ್ ನೀರು. ಲಿಪಿಡ್ಡುಗಳು ಮೇಲಿನ ಪದರಕ್ಕೆ ಬರುತ್ತವೆ, ಪ್ರೋಟೀನ್ ಕಸ ತಳದಲ್ಲಿ ಕೂರುತ್ತದೆ. ಕ್ಲೋರೊಫಾರಂ ಬಳಸಿದರೆ ಲಿಪಿಡ್ ಕೆಳಗೆ, ಕಸ ನಡುವೆ. ಪಿಪೆಟ್ಟಿಗೆ ಕಸ ಸೇರುವುದು ಅಲ್ಲೇ.

ಆಂತರಿಕ ಮಾನಕಗಳನ್ನು, ಅಂದರೆ ಹೋಲಿಕೆಗೆಂದು ಗೊತ್ತಾದ ಪ್ರಮಾಣದಲ್ಲಿ ಹಾಕುವ ಲಿಪಿಡ್ಡುಗಳನ್ನು, ದ್ರಾವಕ ಹಾಕುವ ಮುಂಚೆಯೇ ಸೇರಿಸಬೇಕು. ಕೊನೆಯಲ್ಲಿ ಸೇರಿಸಿದರೆ ದಾರಿಯಲ್ಲಿ ಆದ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಶೇ. 0.01 ಬಿಎಚ್‌ಟಿ ಹಾಕಿದರೆ ದ್ವಿಬಂಧಗಳು ಉಳಿಯುತ್ತವೆ. ಕ್ಲೋರೊಫಾರಂ ಎಂದಿಗೂ ಪ್ಲಾಸ್ಟಿಕ್ ಕೊಳವೆಯಲ್ಲಿ ಬೇಡ.

ಮಾಸ್ ಸ್ಪೆಕ್ಟ್ರೊಮೀಟರಿನ ಅಂಕಿಗಳಲ್ಲಿ ಒಂದು ಮೋಸವಿದೆ. ಒಂದು ದ್ವಿಬಂಧ ಕಡಿಮೆಯಾದರೆ ದ್ರವ್ಯರಾಶಿ ಸುಮಾರು 2 ಹೆಚ್ಚುತ್ತದೆ. ಅಣುವಿನಲ್ಲಿ ಎರಡು ಕಾರ್ಬನ್-13 ಇದ್ದರೂ ಸುಮಾರು 2 ಹೆಚ್ಚುತ್ತದೆ. 42 ಕಾರ್ಬನ್‌ಗಳ ಫಾಸ್ಫಟಿಡಿಲ್‌ಕೋಲಿನ್ 34:2ರಲ್ಲಿ ಹೀಗೆ 2 ಹೆಚ್ಚು ಭಾರದ ಅಣುಗಳ ಶಿಖರ ಮುಖ್ಯ ಶಿಖರದ ಶೇ. 11-12ರಷ್ಟು. ಅದನ್ನು ಕಳೆಯದಿದ್ದರೆ ಇಲ್ಲದ 34:1 ಹುಟ್ಟಿಕೊಳ್ಳುತ್ತದೆ.

ಇನ್ನು ಯಾವುದರ ಲೆಕ್ಕಕ್ಕೆ ಎಂಬ ಪ್ರಶ್ನೆ. ಹಗುರವಾದ ಒಂದು ಗಣಿತ ಮಾಡೋಣ. ವಿಶ್ರಾಂತ ಕೋಶದಲ್ಲಿ ಒಟ್ಟು ಲಿಪಿಡ್ 100 ಪಾಲು, ಅದರಲ್ಲಿ ಕೊಲೆಸ್ಟರಾಲ್ 35. ಸಕ್ರಿಯ ಕೋಶದಲ್ಲಿ ಲಿಪಿಡ್ ಮೂರು ಪಟ್ಟಾಗಿ 300, ಕೊಲೆಸ್ಟರಾಲ್ 105. ಪ್ರೋಟೀನ್ ಗಾತ್ರದ ಜತೆ ಐದು ಪಟ್ಟು. ಕೋಶದ ಲೆಕ್ಕದಲ್ಲಿ ಕೊಲೆಸ್ಟರಾಲ್ ಮೂರು ಪಟ್ಟು ಏರಿತು. ಲಿಪಿಡ್ಡಿನ ನೂರರ ಲೆಕ್ಕದಲ್ಲಿ ಕದಲಲಿಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಶೇ. 40 ಇಳಿಯಿತು. ಒಂದೇ ಕೋಶ, ಒಂದೇ ಅಳತೆ, ಮೂರು ತೀರ್ಮಾನ. ಮೂರನ್ನೂ ಪ್ರಕಟಿಸಿದವರಿದ್ದಾರೆ.

ಕೇಳಿದ ಎರಡು ಪ್ರಶ್ನೆಗಳು

ಊಟದ ಎಣ್ಣೆ ಬದಲಿಸಿದರೆ ಪೊರೆ ಬದಲಾಗುತ್ತದೆಯೇ? ಬಾಲಗಳ ಮಟ್ಟದಲ್ಲಿ ಹೌದು. ಮೀನೆಣ್ಣೆಯ ಒಮೆಗಾ-3 ಕೆಲವು ವಾರಗಳಲ್ಲಿ ಬಿಳಿ ರಕ್ತಕಣಗಳ ಫಾಸ್ಫೊಲಿಪಿಡ್ಡುಗಳಲ್ಲಿ ಸೇರಿ ಅರಾಕಿಡಾನಿಕ್ ಆಮ್ಲದ ಪಾಲನ್ನು ಕಡಿಮೆ ಮಾಡುತ್ತದೆ. ಕೊಲೆಸ್ಟರಾಲ್ ವಿಷಯ ಬೇರೆ. ರೆಟಿಕ್ಯುಲಮ್ ಪೊರೆಯಲ್ಲಿ ಅದರ ಪಾಲು ಶೇ. 5ರ ಸುಮಾರಿಗೆ ಮೇಲೇರಿದರೆ ಎಸ್‌ಆರ್‌ಇಬಿಪಿ ನಿಲ್ಲುತ್ತದೆ, ಕೆಳಗಿಳಿದರೆ ಚಾಲೂ ಆಗುತ್ತದೆ. ಹಾಗಾಗಿ ರಕ್ತಪರೀಕ್ಷೆಯ ಕೊಲೆಸ್ಟರಾಲ್ ಅಂಕಿಯಿಂದ ನಿಮ್ಮ ಟಿ ಕೋಶದ ಪೊರೆಯನ್ನು ಊಹಿಸಲು ಹೋಗಬೇಡಿ. ಒಂದು ಮಾತು ಸೇರಿಸಬೇಕು: ಪ್ರಯೋಗಾಲಯದಲ್ಲಿ ಶೇ. 10 ಕರುವಿನ ಸೀರಂನಲ್ಲಿ ಬೆಳೆಸಿದ ಕೋಶಕ್ಕೆ ಹಲವು ದ್ವಿಬಂಧಗಳ ಕೊಬ್ಬಿನಾಮ್ಲ ದೇಹದಲ್ಲಿ ಸಿಗುವಷ್ಟು ಸಿಗುವುದಿಲ್ಲ. ಮೂರು ದಿನ ಬೆಳೆಸಿದ ಮೇಲೆ ಕಂಡ ಬದಲಾವಣೆಯಲ್ಲಿ ಸಕ್ರಿಯಗೊಂಡದ್ದರ ಪಾಲೆಷ್ಟು, ಸೀರಂನ ಪಾಲೆಷ್ಟು ಎಂದು ಬಿಡಿಸಲು ಪ್ರಚೋದನೆ ಇಲ್ಲದ ಕೋಶಗಳನ್ನೂ ಅಷ್ಟೇ ದಿನ ಅದೇ ಸೀರಂನಲ್ಲಿ ಇಡಬೇಕು.

ಒಂದೇ ಪ್ರಯೋಗಕ್ಕೆ ಹಣವಿದ್ದರೆ ಏನು ಮಾಡಬೇಕು? ಐದು ಹೊತ್ತು ಸಾಕು: ಸೊನ್ನೆ, 2 ನಿಮಿಷ, 30 ನಿಮಿಷ, 24 ಗಂಟೆ, 72 ಗಂಟೆ. ಮೊದಲ ಮೂರಕ್ಕೆ ಆಮ್ಲೀಯ ವಿಧಾನ, ಕೊನೆಯ ಎರಡಕ್ಕೆ ಈಥರ್ ವಿಧಾನ, ಸೊನ್ನೆಗೆ ಎರಡೂ. ಪ್ರತಿಕಾಯ ಹಚ್ಚಿದ ಮಣಿಗಳಿಂದ ಕೋಶಗಳನ್ನು ಪ್ರಚೋದಿಸುವುದಾದರೆ, ಹೋಲಿಕೆಗೆ ಪ್ರತಿ ಹೊತ್ತಿಗೂ ಪ್ರತಿಕಾಯವಿಲ್ಲದ ಮಣಿ ಹಾಕಿದ ಕೋಶಗಳು, ಮತ್ತು ಕೋಶವೇ ಇಲ್ಲದ ಖಾಲಿ ಕೊಳವೆ. ಖಾಲಿ ಕೊಳವೆಯಲ್ಲೂ ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲ ಸಿಗುತ್ತದೆ, ಗಾಬರಿಯಾಗಬೇಡಿ, ಅದು ಪ್ಲಾಸ್ಟಿಕ್ ಮತ್ತು ದ್ರಾವಕಗಳಿಂದ ಬಂದದ್ದು, ಕಳೆಯಿರಿ. ದ್ರಾವಕ ಹಾಕುವ ಮುಂಚೆ ಪ್ರತಿ ಮಾದರಿಯಿಂದ ಒಂದಿಷ್ಟು ಕೋಶ ಬೇರೆ ತೆಗೆದು ಎಣಿಸಿ, ಅಡ್ಡಳತೆ ಬರೆದಿಟ್ಟುಕೊಳ್ಳಿ. ಆ ಎರಡು ಅಂಕಿಗಳಿಲ್ಲದೆ ಬಂದ ಮಾದರಿಯನ್ನು ಯಂತ್ರಕ್ಕೆ ಹಾಕಲೇಬೇಡಿ.